ನಾಲ್ಕು ರಾತ್ರಿ ನಿದ್ದೆಗೆಟ್ಟ ತಮ್ಮನ ಕೈಯಲ್ಲಿ ಹುಳ ಹರಿದದ್ದು ಯಾಕೆ?

ಓದುಗರ ಪ್ರಶ್ನೆಗಳಿಗೆ ಮನೋವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 27 ವರ್ಷ, ತಮ್ಮನಿಗೆ 21. ಪರೀಕ್ಷೆ ಹತ್ತಿರ ಬಂದಿತ್ತು. ರಾತ್ರಿಯಿಡೀ ಓದಬೇಕು ಅಂತ ಗೆಳೆಯನಿಂದ ಮಾತ್ರೆ ತಂದುಕೊಂಡಿದ್ದ. ಗೆಳೆಯನಿಗೆ ಎಡಿಎಚ್‌ಡಿ ತೊಂದರೆಗೆ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆಗೆ, ವೈದ್ಯರು ಬರೆದುಕೊಟ್ಟ ಮಾತ್ರೆಯಂತೆ. ಮೊದಲೆರಡು ರಾತ್ರಿ ತುಂಬಾ ಚುರುಕಾಗಿದ್ದ. ‘ಅಕ್ಕಾ, ಒಂದೇ ರಾತ್ರಿಯಲ್ಲಿ ಪುಸ್ತಕ ಪೂರ್ತಿ ಮುಗಿಸಿದೆ’ ಅಂದ. ಮೂರನೇ ದಿನ ಮಾತು ಜಾಸ್ತಿ ಆಯಿತು. ಒಂದು ಕಡೆ ಕೂರುತ್ತಿರಲಿಲ್ಲ. ಹಲ್ಲು ಕಡಿಯುತ್ತಿದ್ದ. ನಾಲ್ಕನೇ ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿ, ಕಿಟಕಿ ಪರದೆಯ ಹಿಂದೆ ಯಾರೋ ನಿಂತಿದ್ದಾರೆ, ಪಿಸುಗುಟ್ಟುತ್ತಿದ್ದಾರೆ ಅಂದ. ದೀಪ ಹಾಕಿದೆ. ಎಡಗೈ ಪೂರ್ತಿ ಕೆರೆದು ರಕ್ತ ಬಂದಿತ್ತು. ಚರ್ಮದ ಕೆಳಗೆ ಹುಳ ಹರಿಯುತ್ತಿವೆ ಅಂದ. ಮಡಚಿದ ಒಂದು ಕಾಗದ ಕೊಟ್ಟು ‘ನೋಡು, ಹಿಡಿದಿಟ್ಟಿದ್ದೇನೆ’ ಅಂದ. ಬಿಡಿಸಿದರೆ ಒಣಗಿದ ಚರ್ಮದ ಚೂರು, ಒಂದೆರಡು ನೂಲಿನ ಎಳೆ. ‘ಇದರಲ್ಲಿ ಏನೂ ಇಲ್ಲ ಕಣೋ’ ಅಂದೆ. ಅಷ್ಟಕ್ಕೇ ‘ನೀನೂ ಅವರ ಜೊತೆ ಸೇರಿದ್ದೀಯಾ’ ಅಂತ ಹಿಂದೆ ಸರಿದುಬಿಟ್ಟ. ಆ ನೋಟ ನನಗೆ ಮರೆಯಲು ಆಗುತ್ತಿಲ್ಲ.

ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾತ್ರೆಯ ವಿಷಯವನ್ನೂ ಹೇಳಿದೆ. ಇಂಜೆಕ್ಷನ್ ಕೊಟ್ಟರು. 16 ಗಂಟೆ ಮಲಗಿದ. ಎದ್ದ ಮೇಲೆ ಹುಳ ಇರಲಿಲ್ಲ, ಆದರೆ ಎರಡು ದಿನ ಪರದೆಯ ಕಡೆ ನೋಡುತ್ತಿದ್ದ. ಈಗ ಹತ್ತು ದಿನ ಆಯಿತು, ಸರಿಯಾಗಿದ್ದಾನೆ. ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. ಅಮ್ಮ, ಇವನಿಗೆ ಹುಚ್ಚು ಹಿಡಿಯಿತು, ಇನ್ನು ಜೀವನಪೂರ್ತಿ ಹೀಗೇ ಅಂತ ಅಳುತ್ತಾರೆ. ಇದು ಏನು ಮೇಡಂ? ಮತ್ತೆ ಬರುತ್ತದಾ? ಆ ರಾತ್ರಿ ನಾನು ತಪ್ಪು ಮಾಡಿದೆನಾ?

– ಹೆಸರು ಬೇಡ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನಮ್ಮ. ನಿಮ್ಮ ಪತ್ರದಲ್ಲಿ ಅದೇ ಜಾಸ್ತಿ ನೋಯುತ್ತಿದೆ ಅನ್ನಿಸಿತು. ನೀವು ಅವನನ್ನು ಒಬ್ಬನೇ ಬಿಡಲಿಲ್ಲ. ಬೆಳಗಾಗಲಿ ಅಂತ ಕಾಯಲಿಲ್ಲ. ಮಾತ್ರೆಯ ವಿಷಯ ಮುಚ್ಚಿಡಲಿಲ್ಲ. ಎಷ್ಟೋ ಮನೆಗಳಲ್ಲಿ ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ. ‘ಏನೂ ಇಲ್ಲ ಕಣೋ’ ಅಂದದ್ದು ತಪ್ಪಲ್ಲ. ಅಂಥ ಹೊತ್ತಿನಲ್ಲಿ ಆ ಮಾತು ಅವರಿಗೆ ತಲುಪುವುದಿಲ್ಲ, ಅಷ್ಟೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ ಕಾಗದದ ಪೊಟ್ಟಣವನ್ನು ನಾನು ಬಲ್ಲೆ. ನನ್ನ ಮೇಜಿನ ಮೇಲೂ ಅಂಥವನ್ನು ತಂದು ಇಟ್ಟಿದ್ದಾರೆ. ನಮ್ಮಲ್ಲಿ ಇದಕ್ಕೆ ಬೆಂಕಿಪೊಟ್ಟಣದ ಗುರುತು ಅನ್ನುವ ಹೆಸರೇ ಇದೆ. ಹಿಂದೆ ರೋಗಿಗಳು ಖಾಲಿ ಬೆಂಕಿಪೊಟ್ಟಣದಲ್ಲಿ ‘ಹುಳ’ ತುಂಬಿಕೊಂಡು ವೈದ್ಯರ ಹತ್ತಿರ ಬರುತ್ತಿದ್ದರು. ತೆರೆದರೆ ಚರ್ಮದ ಹೊಟ್ಟು, ನೂಲು, ಕೂದಲಿನ ತುಂಡು. ಈಗ ಫೋನಿನಲ್ಲಿ ಫೋಟೋ ತೆಗೆದು ತರುತ್ತಾರೆ. ಮೈಮೇಲೆ ಹುಳ ಹರಿದಂತೆ ಆಗುವುದಕ್ಕೆ ವೈದ್ಯರ ಭಾಷೆಯಲ್ಲಿ ಫಾರ್ಮಿಕೇಶನ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಫಾರ್ಮಿಕಾ ಅಂದರೆ ಇರುವೆ. ಮಾನ್ಯಾಂ ಎಂಬ ಫ್ರೆಂಚ್ ಮನೋವೈದ್ಯರು 1889ರಲ್ಲೇ ಕೊಕೇನ್ ಬಳಸುವವರಲ್ಲಿ ಇದನ್ನು ಕಂಡು ಬರೆದಿದ್ದರು. ನಿಮ್ಮ ತಮ್ಮನಿಗೆ ಮಾತ್ರ ಆದ ವಿಚಿತ್ರ ಇದಲ್ಲ ಅಂತ ಗೊತ್ತಾಗಲಿ ಎಂದು ಹೇಳಿದೆ. ಕೊಕೇನೂ ನಿಮ್ಮ ತಮ್ಮನ ಮಾತ್ರೆಯೂ ಮಿದುಳನ್ನು ಚುರುಕುಗೊಳಿಸುವ ಉತ್ತೇಜಕಗಳೇ. ಒಂದೇ ಬಗೆಯ ಔಷಧಿ ಒಂದೇ ಬಗೆಯ ಹುಳವನ್ನು ನೂರು ವರ್ಷದಿಂದ ತೋರಿಸುತ್ತಾ ಬಂದಿದೆ.

ನಿಮ್ಮ ತಮ್ಮನ ಮೇಲೆ ಎರಡು ಹೊರೆ ಒಟ್ಟಿಗೆ ಬಿದ್ದವು. ಒಂದು ಮಾತ್ರೆ, ಇನ್ನೊಂದು ನಿದ್ದೆಗೇಡು. ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಮೊದಲು ನಿದ್ದೆ. ಇದು ನನಗೆ ಪುಸ್ತಕದಿಂದ ಮಾತ್ರ ಗೊತ್ತಾದದ್ದಲ್ಲ. ಪಿಜಿ ಓದುತ್ತಿದ್ದಾಗ ಒಮ್ಮೆ ಜೊತೆಯವರು ಇಬ್ಬರೂ ಕಾಯಿಲೆ ಬಿದ್ದರು. ನಾನು ಮೂರು ದಿನ ಸತತ ಡ್ಯೂಟಿ ಮಾಡಿದೆ. ಕುರ್ಚಿಯಲ್ಲಿ ಕೂತಲ್ಲೇ ಒಂದೆರಡು ಜೊಂಪು ಬಿಟ್ಟರೆ ನಿದ್ದೆ ಇಲ್ಲ. ಮಾತ್ರೆ ಏನೂ ತೆಗೆದುಕೊಂಡಿರಲಿಲ್ಲ, ಬರೀ ಕಾಫಿ. ಮೂರನೇ ರಾತ್ರಿ ಕೇಸ್ ಶೀಟ್ ಬರೆಯುತ್ತಿದ್ದೆ. ನಾನೇ ಬರೆದ ಸಾಲು ಮೆಲ್ಲಗೆ ಜರುಗಿತು. ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಗದದ ಅಂಚಿಗೆ ಹೋಗಿ ಮೇಜಿನ ಕೆಳಗೆ ಇಳಿದವು. ಒರೆಸಲು ಕೈ ಚಾಚಿದೆ. ತಲೆ ಎತ್ತಿದರೆ ವಾರ್ಡಿನ ಕೊನೆಯಲ್ಲಿ ಎತ್ತರದ ಒಬ್ಬರು ತಲೆ ತಗ್ಗಿಸಿ ನಿಂತಿದ್ದಾರೆ. ‘ಅವರನ್ನು ಈ ಹೊತ್ತಿನಲ್ಲಿ ಒಳಗೆ ಬಿಟ್ಟವರು ಯಾರು?’ ಅಂತ ಸಿಸ್ಟರ್‌ನ ಕೇಳಿದೆ. ಅದು ಗ್ಲೂಕೋಸ್ ಬಾಟಲಿ ನೇತುಹಾಕುವ ಸ್ಟ್ಯಾಂಡು.

ಆ ಹಿರಿಯ ಸಿಸ್ಟರ್ ಮಾಡಿದ್ದು ನನಗೆ ಇವತ್ತಿಗೂ ಪಾಠ. ‘ಅಲ್ಲಿ ಯಾರೂ ಇಲ್ಲ’ ಅಂತ ವಾದ ಮಾಡಲಿಲ್ಲ. ‘ಹೌದಾ’ ಅಂತ ಒಪ್ಪಲೂ ಇಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ‘ಡಾಕ್ಟ್ರೇ, ನೀವು ಮೂರು ದಿನದಿಂದ ಮಲಗಿಲ್ಲ. ನಾನು ನೋಡ್ಕೊಳ್ತೀನಿ, ಬನ್ನಿ’ ಅಂತ ಭುಜ ಹಿಡಿದು ಕರೆದುಕೊಂಡು ಹೋದರು. ಮಲಗಿ ಎದ್ದ ಮೇಲೆ ಸ್ಟ್ಯಾಂಡು ಬರೀ ಸ್ಟ್ಯಾಂಡಾಗಿತ್ತು.

ನಿದ್ದೆ ಎಷ್ಟು ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಕ್ರಮವಿದೆ. ಒಂದು ರಾತ್ರಿ ಹೋದರೆ ಸಿಡುಕು, ಆತಂಕ. ಎರಡನೇ ದಿನಕ್ಕೆ ಕಂಡದ್ದೆಲ್ಲ ಸ್ವಲ್ಪ ವಾರೆಯಾಗಿ ಕಾಣುತ್ತದೆ. ಗೋಡೆ ಉಸಿರಾಡಿದ ಹಾಗೆ, ನೆಲ ಅಲುಗಿದ ಹಾಗೆ, ಹೊತ್ತು ನಿಂತುಹೋದ ಹಾಗೆ. ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಕೇಳುವುದು, ಮೈಗೆ ತಾಗಿದಂತಾಗುವುದು ಶುರುವಾಗುತ್ತದೆ. ಐದನೇ ದಿನಕ್ಕೆ ನೋಡುವವರಿಗೆ ಪೂರಾ ಮಾನಸಿಕ ಕಾಯಿಲೆಯ ಹಾಗೇ ಕಾಣುತ್ತದೆ. ಎಲ್ಲರಿಗೂ ಇದೇ ಲೆಕ್ಕ ಅಲ್ಲ. ಕೆಲವರಿಗೆ ಬೇಗ, ಕೆಲವರಿಗೆ ತಡ.

1964ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರ‍್ಯಾಂಡಿ ಗಾರ್ಡ್‌ನರ್ ಎಂಬ 17 ವರ್ಷದ ಹುಡುಗ ಶಾಲೆಯ ವಿಜ್ಞಾನ ಪ್ರಯೋಗಕ್ಕೆಂದು 264 ಗಂಟೆ, ಅಂದರೆ 11 ದಿನ, ಎಚ್ಚರವಿದ್ದ. ಔಷಧಿ ಮುಟ್ಟಲಿಲ್ಲ. ನಾಲ್ಕನೇ ದಿನ ಅವನಿಗೆ ರಸ್ತೆ ಬದಿಯ ಫಲಕ ಮನುಷ್ಯನಾಗಿ ಕಂಡಿತು. ತಾನೇ ಒಬ್ಬ ಹೆಸರಾಂತ ಫುಟ್‌ಬಾಲ್ ಆಟಗಾರ ಅಂದುಕೊಂಡ. ಕೊನೆಗೆ ಸುಮಾರು 14 ಗಂಟೆ ಮಲಗಿ ಎದ್ದ.

ಅದಕ್ಕೂ ಮೊದಲು, 1959ರಲ್ಲಿ, ಪೀಟರ್ ಟ್ರಿಪ್ ಎಂಬ ರೇಡಿಯೋ ನಿರೂಪಕ ನ್ಯೂಯಾರ್ಕಿನಲ್ಲಿ ಗಾಜಿನ ಕೋಣೆಯೊಳಗೆ ಕೂತು ಸಹಾಯಾರ್ಥ ಕಾರ್ಯಕ್ರಮ ನಡೆಸಿಕೊಡುತ್ತಾ 201 ಗಂಟೆ ಎಚ್ಚರವಿದ್ದ. ಅವನಿಗೆ ತನ್ನ ಬೂಟಿನಲ್ಲಿ ಜೇಡರ ಬಲೆ ಕಂಡಿತು. ಕೊನೆಯ ದಿನಗಳಲ್ಲಿ ಎಚ್ಚರವಾಗಿಡಲು ಉತ್ತೇಜಕ ಔಷಧಿಯನ್ನೂ ಕೊಟ್ಟರು. ಕೊನೆಗೆ, ಪರೀಕ್ಷಿಸಲು ಬಂದ ವೈದ್ಯರನ್ನೇ ತನ್ನನ್ನು ಹೂಳಲು ಬಂದವರು ಅಂದುಕೊಂಡು ಹೊರಗೆ ಓಡಿಬಿಟ್ಟ. ಇಬ್ಬರೂ ನಿದ್ದೆಗೆಟ್ಟವರೇ. ಆದರೆ ಹುಡುಗನಿಗಿಂತ ಸುಮಾರು ಎರಡೂವರೆ ದಿನ ಕಡಿಮೆ ಎಚ್ಚರವಿದ್ದ ಟ್ರಿಪ್‌ನಲ್ಲಿ ಆ ಅನುಮಾನ, ಆ ಭಯ ಜಾಸ್ತಿ. ವಯಸ್ಸು, ಸ್ವಭಾವ ಎಲ್ಲವೂ ಇದರಲ್ಲಿ ಸೇರಿರಬಹುದು. ಆದರೂ ಇವೆರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೆಲ್ಲ ನನ್ನ ಕಣ್ಣು ಆ ಔಷಧಿಯ ಕಡೆಗೇ ಹೋಗುತ್ತದೆ.

ಈಗ ಮಾತ್ರೆಯ ವಿಷಯ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಅದು ಕೂಡಿದಂತೆಲ್ಲ ನಿದ್ದೆ ಒತ್ತಿಕೊಂಡು ಬರುತ್ತದೆ. ಮಲಗಿದರೆ ಮಾತ್ರ ಅದು ಇಳಿಯುತ್ತದೆ. ಬೇರೆ ದಾರಿಯೇ ಇಲ್ಲ. ಉತ್ತೇಜಕ ಮಾತ್ರೆ ಅದನ್ನು ಇಳಿಸುವುದಿಲ್ಲ. ಇನ್ನೊಂದು ಕಡೆಯಿಂದ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಏರಿಸಿ, ದಣಿವಿನ ಕೂಗು ಕೇಳದ ಹಾಗೆ ಮಾಡುತ್ತದೆ. ತಮ್ಮ ‘ನನಗೆ ನಿದ್ದೆಯೇ ಬೇಡ’ ಅಂದಿರಬೇಕು, ಅಲ್ವಾ? ಅವನಿಗೆ ನಿದ್ದೆ ಬೇಕಿತ್ತು. ಬೇಕು ಅನ್ನುವುದು ಗೊತ್ತಾಗುತ್ತಿರಲಿಲ್ಲ.

ಡೋಪಮಿನ್‌ಗೆ ಇನ್ನೊಂದು ಕೆಲಸವೂ ಇದೆ. ‘ಇದು ಮುಖ್ಯ, ಇತ್ತ ನೋಡು’ ಅಂತ ಮಿದುಳಿನಲ್ಲಿ ಗಂಟೆ ಬಾರಿಸುವ ಕೆಲಸ. ಹಿಂದಿನಿಂದ ಯಾರೋ ಹೆಸರು ಕರೆದರೆ ಗಂಟೆ. ಕಾಲಡಿ ಏನೋ ಸರಿದರೆ ಗಂಟೆ. ಪರದೆ ಗಾಳಿಗೆ ಅಲುಗಿದರೆ ಗಂಟೆ ಇಲ್ಲ, ಅದು ಮುಖ್ಯವಲ್ಲ. ಡೋಪಮಿನ್ ಮಿತಿಮೀರಿದಾಗ ಎಲ್ಲದಕ್ಕೂ ಗಂಟೆ. ಪರದೆ ಅಲುಗಿದ್ದಕ್ಕೆ, ಫ್ಯಾನಿನ ಸದ್ದಿಗೆ, ಬೆವರು ಹರಿದು ಮೈ ಜುಮ್ಮೆಂದದ್ದಕ್ಕೆ. ಗಂಟೆ ಹೊಡೆದ ಮೇಲೆ ಮಿದುಳು ಸುಮ್ನೆ ಇರುವುದಿಲ್ಲ, ಕಾರಣ ಹುಡುಕುತ್ತದೆ. ಪರದೆಯ ಹಿಂದೆ ಮನುಷ್ಯ, ಸದ್ದಿನೊಳಗೆ ಪಿಸುಮಾತು, ಚರ್ಮದಡಿ ಹುಳ. ನಾಲ್ಕು ರಾತ್ರಿ ಮಲಗದ ಮಿದುಳಿಗೆ ತಾನು ಕಂಡದ್ದನ್ನು ಪರೀಕ್ಷಿಸುವ ಶಕ್ತಿ ಮೊದಲೇ ಹೋಗಿರುತ್ತದೆ. ಇಷ್ಟರ ನಡುವೆ ನೀವು ‘ಏನೂ ಇಲ್ಲ’ ಅಂದಿರಿ. ಅವನ ಗಂಟೆ ನಿಲ್ಲಲಿಲ್ಲ. ಹಾಗಾದರೆ ಅಕ್ಕ ಸುಳ್ಳು ಹೇಳುತ್ತಿದ್ದಾಳೆ ಅಂತ ಅವನ ಮಿದುಳು ತೀರ್ಮಾನಿಸಿತು. ಆ ನೋಟ ನಿಮ್ಮ ತಮ್ಮನದಲ್ಲಮ್ಮ. ದಯವಿಟ್ಟು ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ಈ ಕಾಯಿಲೆಗೆ ಹೆಸರಿದೆ. ಉತ್ತೇಜಕ ಔಷಧಿಯಿಂದ ಬರುವ ಸೈಕೋಸಿಸ್. ಸೈಕೋಸಿಸ್ ಅಂದರೆ ನಿಜ ಯಾವುದು, ಭ್ರಮೆ ಯಾವುದು ಅನ್ನುವುದೇ ತಿಳಿಯದ ಸ್ಥಿತಿ. ವೈದ್ಯಲೋಕಕ್ಕೆ ಇದು ಹೊಸದಲ್ಲ. ಆಂಫೆಟಮಿನ್ ಎಂಬ ಉತ್ತೇಜಕ ಔಷಧಿ ಮೊದಲು ತಯಾರಾದದ್ದು 1887ರಲ್ಲಿ. 1930ರ ದಶಕದಲ್ಲಿ ಕಟ್ಟಿದ ಮೂಗು ಬಿಡಿಸುವ ಇನ್‌ಹೇಲರ್ ಆಗಿ ಮಾರಾಟಕ್ಕೆ ಬಂತು. ಹಗಲೆಲ್ಲ ತಡೆಯಲಾಗದೆ ನಿದ್ದೆಗೆ ಜಾರುವ ಕಾಯಿಲೆ ಇದ್ದವರಿಗೆ ಎಚ್ಚರವಿರಲು ಅದನ್ನು ಮಾತ್ರೆಯಾಗಿ ಕೊಟ್ಟರು. ಅವರಲ್ಲಿ ಕೆಲವರಿಗೆ ಅನುಮಾನ, ಭ್ರಮೆ ಶುರುವಾಯಿತು ಅಂತ 1938ರಲ್ಲೇ ವೈದ್ಯರು ವರದಿ ಮಾಡಿದ್ದರು. 1958ರಲ್ಲಿ ಲಂಡನ್ನಿನ ಫಿಲಿಪ್ ಕಾನೆಲ್ ಎಂಬ ಮನೋವೈದ್ಯರು ಇಂಥ 42 ಜನರ ವಿವರ ಕೂಡಿಸಿ ಪ್ರಕಟಿಸಿದರು. ಕೆಲವರು ಆ ಇನ್‌ಹೇಲರನ್ನೇ ಒಡೆದು ಒಳಗಿದ್ದದ್ದನ್ನು ನುಂಗಿದ್ದರು. ನೋಡಿದರೆ ಸ್ಕಿಜೋಫ್ರೀನಿಯಾ, ಅಂದರೆ ಭ್ರಮೆ, ಅನುಮಾನಗಳು ಬಹುಕಾಲ ಕಾಡುವ ಮಾನಸಿಕ ಕಾಯಿಲೆ, ಅಂತಲೇ ಅನ್ನಬೇಕು, ಅಷ್ಟು ಹೋಲಿಕೆ. ಆದರೆ ಔಷಧಿ ಮೈಯಿಂದ ಹೊರಗೆ ಹೋದ ಮೇಲೆ ಹೆಚ್ಚಿನವರು ಬೇಗ ಸರಿಹೋದರು.

ನಿಮ್ಮ ಅಮ್ಮನಿಗೆ ಇದನ್ನೇ ಓದಿ ಹೇಳಿ. ನಿದ್ದೆ ಬಂತು, ಹುಳ ಹೋಯಿತು. ಎರಡು ದಿನದಲ್ಲಿ ಪರದೆಯ ಭಯವೂ ಹೋಯಿತು. ಇದು ಒಳ್ಳೆಯ ಲಕ್ಷಣ. ಸಾಮಾನ್ಯವಾಗಿ ಕೆಲವು ದಿನದಲ್ಲಿ, ಹೆಚ್ಚೆಂದರೆ ಒಂದು ತಿಂಗಳೊಳಗೆ ಇದು ಇಳಿಯುತ್ತದೆ. ಒಂದು ತಿಂಗಳಾದರೂ ಅನುಮಾನ, ಧ್ವನಿ ಇದ್ದರೆ, ಅಥವಾ ಮಾತ್ರೆ ಇಲ್ಲದೆಯೂ ಮರುಕಳಿಸಿದರೆ ಬೇರೆ ಕಾಯಿಲೆ ಒಳಗೆ ಇದೆಯಾ ಅಂತ ನೋಡಬೇಕಾಗುತ್ತದೆ. ಕೆಲವರಲ್ಲಿ ಮುಂದೆ ಹಾಗಾಗುವುದುಂಟು. ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ ಅಥವಾ ಮನಸ್ಸು ಅತಿಯಾಗಿ ಏರಿ ಇಳಿಯುವ ಬೈಪೋಲಾರ್ ಕಾಯಿಲೆ ಇದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ. ಹತ್ತು ದಿನದಿಂದ ಸರಿಯಾಗಿದ್ದರೂ ಒಮ್ಮೆ ಮನೋವೈದ್ಯರ ಹತ್ತಿರ ಕೂರಿಸಿ ಮಾತಾಡಿಸಿ. ಆವತ್ತು ಕೊಟ್ಟ ಔಷಧಿಯನ್ನು ನೀವೇ ನಿಲ್ಲಿಸಬೇಡಿ.

ಮತ್ತೆ ಬರುತ್ತದಾ ಅಂದಿರಿ. ಅವನು ಮತ್ತೆ ಆ ಮಾತ್ರೆ ಮುಟ್ಟಿದರೆ ಬರಬಹುದು. ಇದನ್ನು ಅವನಿಗೆ ನೇರವಾಗಿ ಹೇಳಬೇಕು. ಒಮ್ಮೆ ಹೀಗಾದ ಮಿದುಳಿಗೆ ಮುಂದಿನ ಸಲ ಅಷ್ಟು ಮಾತ್ರೆ ಬೇಕಾಗುವುದಿಲ್ಲ, ಅಷ್ಟು ರಾತ್ರಿಯೂ ಬೇಕಾಗುವುದಿಲ್ಲ. ದಾರಿ ಒಮ್ಮೆ ಸವೆದಿದೆ. ‘ಹೋದ ಸಲ ನಾಲ್ಕು ದಿನ ತೆಗೆದುಕೊಂಡದ್ದು ತಪ್ಪಾಯಿತು, ಈ ಸಲ ಎರಡೇ ದಿನ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಓದಿದ್ದು ತಲೆಯಲ್ಲಿ ಉಳಿಯುವುದು ನಿದ್ದೆಯಲ್ಲಿ ಅನ್ನುವುದನ್ನೂ ಹೇಳಿ. ಆ ನಾಲ್ಕು ರಾತ್ರಿ ಓದಿದ್ದರಲ್ಲಿ ಎಷ್ಟು ನೆನಪಿದೆ ಅಂತ ಅವನನ್ನೇ ಕೇಳಿ ನೋಡಿ.

ಮುಂದೆ ಯಾರಿಗಾದರೂ ಹೀಗಾದರೆ ಏನು ಮಾಡಬೇಕು ಅಂತ ಬೇರೆ ಓದುಗರಿಗೂ ಸೇರಿಸಿ ಹೇಳುತ್ತೇನೆ. ಆ ಸಿಸ್ಟರ್ ಮಾಡಿದ ಹಾಗೆ ಮಾಡಿ. ಹುಳ ಇದೆ, ಇಲ್ಲ ಅನ್ನುವ ವಾದಕ್ಕೆ ಹೋಗಬೇಡಿ. ‘ನನಗೆ ಕಾಣುತ್ತಿಲ್ಲ, ಆದರೆ ನಿನಗೆ ತುಂಬಾ ಭಯವಾಗಿದೆ ಅಂತ ಗೊತ್ತಾಗುತ್ತಿದೆ. ನಾನು ಇಲ್ಲೇ ಇರುತ್ತೇನೆ’ ಅನ್ನಿ. ಇದರಲ್ಲಿ ಸುಳ್ಳೂ ಇಲ್ಲ, ಜಗಳವೂ ಇಲ್ಲ. ಟಿವಿ ಆರಿಸಿ. ನಾಲ್ಕು ಜನ ಸುತ್ತ ನಿಂತು ಒಟ್ಟಿಗೆ ಮಾತಾಡಬೇಡಿ, ಒಬ್ಬರೇ ಮಾತಾಡಿ. ಕತ್ತಲೆ ಬೇಡ, ಕಣ್ಣು ಕುಕ್ಕುವ ಬೆಳಕೂ ಬೇಡ. ಹಿಂದಿನಿಂದ ಮುಟ್ಟಬೇಡಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಸಿಕ್ಕಿಬಿದ್ದೆ ಅನ್ನಿಸಿದರೆ ಭಯ ಜಾಸ್ತಿಯಾಗುತ್ತದೆ. ಚಾಕು, ಕತ್ತರಿ, ಗಾಡಿಯ ಕೀ ಸದ್ದಿಲ್ಲದೆ ತೆಗೆದಿಡಿ. ಮನೆಯಲ್ಲಿರುವ ನಿದ್ದೆ ಮಾತ್ರೆಯನ್ನು ನೀವೇ ಕೊಡಬೇಡಿ. ಮದ್ಯ ಅಂತೂ ಬೇಡವೇ ಬೇಡ.

ಇಲ್ಲದ್ದು ಕಾಣುತ್ತಿದೆ ಅಂದರೆ ಆಸ್ಪತ್ರೆಗೆ ಹೋಗಲೇಬೇಕು. ಮೈ ಬೆಂಕಿಯ ಹಾಗೆ ಸುಡುತ್ತಿದ್ದರೆ, ಎದೆ ನೋವು ಅಂದರೆ, ಫಿಟ್ಸ್ ಬಂದರೆ, ತಾನು ಎಲ್ಲಿದ್ದೇನೆ ಅನ್ನುವುದೇ ತಿಳಿಯದಿದ್ದರೆ, ತನ್ನನ್ನೋ ಬೇರೆಯವರನ್ನೋ ಮುಗಿಸುವ ಮಾತಾಡಿದರೆ ಒಂದು ನಿಮಿಷವೂ ತಡ ಮಾಡಬೇಡಿ. ಉತ್ತೇಜಕ ಔಷಧಿ ಮನಸ್ಸನ್ನು ಮಾತ್ರ ಕೆಡಿಸುವುದಿಲ್ಲ. ಹೃದಯ, ಮೈಯ ಬಿಸಿ, ರಕ್ತದೊತ್ತಡ ಎಲ್ಲವನ್ನೂ ಏರಿಸುತ್ತದೆ.

ಇನ್ನೊಂದು ವಿಷಯ. ಈ ವಾರಗಳಲ್ಲಿ ಅವನನ್ನು ಗಮನಿಸುತ್ತಿರಿ. ಔಷಧಿ ಇಳಿದ ಮೇಲೆ ಮನಸ್ಸು ಕುಸಿಯುತ್ತದೆ. ಸುಸ್ತು, ವಿಪರೀತ ಹಸಿವು, ಯಾವುದರಲ್ಲೂ ಆಸೆ ಇಲ್ಲದಿರುವುದು. ಕೆಲವರಿಗೆ ಸಾಯುವ ಯೋಚನೆಯೂ ಬರುತ್ತದೆ. ಅವನಿಗೆ ತಾನು ಮಾಡಿದ್ದು, ಆಡಿದ್ದು ಸ್ವಲ್ಪವಾದರೂ ನೆನಪಿರುತ್ತದೆ. ನಾಚಿಕೆಯಿಂದ ಒಳಗೇ ಬೇಯುತ್ತಿರುತ್ತಾನೆ. ಇಂಥ ಹೊತ್ತಿನಲ್ಲಿ ಅಪ್ಪನ ಮೌನ ತುಂಬಾ ಭಾರ. ಅಪ್ಪನಿಗೆ ಕೋಪ ಇರುವುದು ಸಹಜ. ಕೋಪವನ್ನಾದರೂ ಬಾಯಿಬಿಟ್ಟು ಹೇಳಲಿ, ಆದರೆ ಮಾತು ಬಿಡುವುದು ಬೇಡ. ನನ್ನ ಮಾತು ಅಂತ ಅವರಿಗೆ ಹೇಳಿ.

ಪ್ರಶ್ನೆ: ಮೇಡಂ, ನಾನು ರಾತ್ರಿ ಲಾರಿ ಓಡಿಸುವವನು. ಯಾವ ಮಾತ್ರೆಯೂ ಇಲ್ಲ, ಕಾಫಿ ಮಾತ್ರ. ಎರಡು ಸಲ ಬೆಳಗಿನ ಜಾವ ರಸ್ತೆ ನಡುವೆ ಹೆಂಗಸೊಬ್ಬರು ನಿಂತಂತೆ ಕಂಡು ಬ್ರೇಕ್ ಹಾಕಿದ್ದೇನೆ. ಇಳಿದು ನೋಡಿದರೆ ಯಾರೂ ಇಲ್ಲ. ನನಗೆ ತಲೆ ಕೆಟ್ಟಿದೆಯಾ?

– ಲಾರಿ ಚಾಲಕರು

ಉತ್ತರ: ತಲೆ ಕೆಟ್ಟಿಲ್ಲ ಅಣ್ಣಾ. ಆದರೆ ನೀವು ಸ್ಟೀರಿಂಗ್ ಹಿಡಿದೇ ನಿದ್ದೆಗೆ ಜಾರುತ್ತಿದ್ದೀರಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತುಂಬಾ ನಿದ್ದೆಗೆಟ್ಟಾಗ ಮಿದುಳು ಒಂದೆರಡು ಸೆಕೆಂಡು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ತಾನಾಗೇ ಮಲಗಿಬಿಡುತ್ತದೆ. ಕಣ್ಣು ತೆರೆದೇ ಇರಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಮೂರು ಸೆಕೆಂಡಿನಲ್ಲಿ ಗಾಡಿ 60 ಮೀಟರಿಗಿಂತ ಮುಂದೆ ಹೋಗಿರುತ್ತದೆ. ಆ ಅರೆನಿದ್ದೆಯಲ್ಲಿ ಕನಸಿನ ಚೂರು ಎಚ್ಚರದೊಳಗೆ ನುಗ್ಗಿ ಎದುರಿನ ರಸ್ತೆಯ ಮೇಲೆ ಬೀಳುತ್ತದೆ. ನೀವು ನೋಡಿದ್ದು ಹೆಚ್ಚಾಗಿ ಅದನ್ನೇ.

1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬರೇ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ವಿಮಾನ ಹಾರಿಸಿದರು. ಮೂವತ್ತಮೂರೂವರೆ ಗಂಟೆಯ ಹಾರಾಟ. ಹಿಂದಿನ ರಾತ್ರಿಯೂ ನಿದ್ದೆ ಮಾಡಿರಲಿಲ್ಲ. ವಿಮಾನದೊಳಗೆ ತನ್ನ ಹಿಂದೆ ನೆರಳಿನಂಥ ಆಕೃತಿಗಳು ಬಂದು ನಿಂತು ಮಾತಾಡಿದವು ಅಂತ ಅವರೇ ಆಮೇಲೆ ಬರೆದಿದ್ದಾರೆ. ಗಟ್ಟಿ ಆಳು, ನುರಿತ ಪೈಲಟ್. ಅಂಥವರನ್ನೂ ನಿದ್ದೆ ಬಿಡಲಿಲ್ಲ.

ಕಾಫಿ ಮಾಡುವುದಿಷ್ಟೇ. ಮಿದುಳಿನಲ್ಲಿ ಅಡೆನೊಸಿನ್ ಕೂರುವ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಅಡೆನೊಸಿನ್ ಹೊರಗೆ ಕಾಯುತ್ತಾ ನಿಂತಿರುತ್ತದೆ. ಕೆಫೀನ್ ಎದ್ದ ತಕ್ಷಣ ಎಲ್ಲವೂ ಒಟ್ಟಿಗೆ ನುಗ್ಗುತ್ತದೆ. 17 ಗಂಟೆ ಎಚ್ಚರವಿದ್ದವರ ಕೈಕಾಲಿನ ಚುರುಕು, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. 24 ಗಂಟೆ ಆದರೆ ಶೇಕಡ 0.10. ಕುಡಿದು ಗಾಡಿ ಓಡಿಸುವವರಲ್ಲ ನೀವು. ಇದೂ ಅದೇ ಅಂತ ತಿಳಿದುಕೊಳ್ಳಿ.

ಆ ಹೆಂಗಸು ಮೂರನೇ ಸಲ ಕಾಣುವವರೆಗೆ ಕಾಯಬೇಡಿ. ಆಕಳಿಕೆ ಮೇಲೆ ಆಕಳಿಕೆ, ಹಿಂದಿನ ಕೆಲವು ಕಿಲೋಮೀಟರ್ ಹೇಗೆ ಬಂದೆ ಅನ್ನುವುದೇ ನೆನಪಿಲ್ಲ – ಇಷ್ಟಾದರೆ ಸಾಕು, ಗಾಡಿ ಪಕ್ಕಕ್ಕೆ ಹಾಕಿ ಇಪ್ಪತ್ತು ನಿಮಿಷ ಮಲಗಿ. ಕಿಟಕಿ ತೆಗೆಯುವುದು, ಜೋರಾಗಿ ಹಾಡು ಹಾಕುವುದು ಇದಕ್ಕೆ ಸಾಲದು. ಗೊರಕೆ ಜಾಸ್ತಿ ಇದ್ದು, ಎಂಟು ಗಂಟೆ ಮಲಗಿದ ದಿನವೂ ತೂಕಡಿಕೆ ಬರುತ್ತಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು, ಪರೀಕ್ಷೆ ಮಾಡಿಸಿ. ಯಾರಾದರೂ ‘ಇದೊಂದು ಮಾತ್ರೆ ನುಂಗು, ಎರಡು ದಿನ ಓಡಿಸಬಹುದು’ ಅಂದರೆ ಮೇಲಿನ ಉತ್ತರವನ್ನು ಅವರಿಗೂ ತೋರಿಸಿ.

ಪ್ರಶ್ನೆ: ನನ್ನ ಹತ್ತು ವರ್ಷದ ಮಗನಿಗೆ ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ಬರೆದುಕೊಟ್ಟಿದ್ದಾರೆ. ಓದಿನಲ್ಲಿ, ಗೆಳೆಯರಲ್ಲಿ ತುಂಬಾ ಸುಧಾರಿಸಿದ್ದಾನೆ. ಅದೂ ಉತ್ತೇಜಕ ಔಷಧಿ ಅಂತ ಗೊತ್ತಾಗಿ ಹೆದರಿ ನಿಲ್ಲಿಸಿಬಿಡೋಣ ಅನ್ನಿಸುತ್ತಿದೆ.

– ಒಬ್ಬ ತಾಯಿ

ಉತ್ತರ: ನಿಲ್ಲಿಸಬೇಡಿ. ಮೊದಲು ಬರೆದುಕೊಟ್ಟ ವೈದ್ಯರ ಹತ್ತಿರ ಈ ಭಯವನ್ನು ಹೇಳಿಕೊಳ್ಳಿ. ಅದೇ ಜಾತಿಯ ಔಷಧಿ, ನಿಜ. ಆದರೆ ನಿಮ್ಮ ಮಗನಿಗೆ ಅವನ ತೂಕ, ವಯಸ್ಸು ನೋಡಿ, ಕಡಿಮೆಯಿಂದ ಶುರು ಮಾಡಿ, ಹಗಲಿನ ಹೊತ್ತಿನಲ್ಲಿ ಕೊಡುತ್ತಾರೆ. ಅವನು ರಾತ್ರಿ ಮಲಗುತ್ತಾನೆ. ಮೊದಲ ಪತ್ರದ ಹುಡುಗ ಅದನ್ನು ನಿದ್ದೆ ಓಡಿಸಲೆಂದೇ ನುಂಗಿದ, ಅದೂ ಬೇರೆಯವರ ಮಾತ್ರೆ.

ಅಪಾಯ ಸೊನ್ನೆ ಅಂತ ನಾನು ಹೇಳುವುದಿಲ್ಲ. ಎಡಿಎಚ್‌ಡಿಗೆ ಈ ಬಗೆಯ ಔಷಧಿ ಹೊಸದಾಗಿ ಶುರು ಮಾಡಿದ ಹದಿಹರೆಯದವರು ಮತ್ತು ಯುವಕರ ಬಗ್ಗೆ ಅಮೆರಿಕದಲ್ಲಿ 2019ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಸುಮಾರು 660 ಜನರಲ್ಲಿ ಒಬ್ಬರಿಗೆ ಸೈಕೋಸಿಸ್ ಕಾಣಿಸಿತ್ತು. ಆಂಫೆಟಮಿನ್ ತೆಗೆದುಕೊಂಡವರಿಗಿಂತ ಮೀಥೈಲ್‌ಫೆನಿಡೇಟ್ ತೆಗೆದುಕೊಂಡವರಲ್ಲಿ ಅದು ಕಡಿಮೆ ಇತ್ತು. ಹಾಗಾಗಿ ನೀವು ಮಾಡಬೇಕಾದ್ದು ಇಷ್ಟೆ: ರಾತ್ರಿ ನಿದ್ದೆ ಕಡಿಮೆಯಾಗುತ್ತಿದೆಯಾ, ‘ಯಾರೋ ಕರೆದರು’, ‘ಕೈಮೇಲೆ ಏನೋ ಹರಿಯುತ್ತಿದೆ’ ಅನ್ನುತ್ತಾನಾ ಅಂತ ಗಮನಿಸಿ. ಅಂದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಮಾತ್ರೆಯ ಡಬ್ಬಿ ನಿಮ್ಮ ಕೈಯಲ್ಲೇ ಇರಲಿ. ದೊಡ್ಡವನಾದ ಮೇಲೆ ಗೆಳೆಯರು ಪರೀಕ್ಷೆಗೆಂದು ಮಾತ್ರೆ ಕೇಳುತ್ತಾರೆ. ಕೊಡಬಾರದು ಅಂತ ಈಗಿನಿಂದಲೇ ಹೇಳಿಕೊಡಿ.

ಪ್ರಶ್ನೆ: ನಾನು 24ರ ಯುವಕ. ಒಂದೂವರೆ ವರ್ಷದಿಂದ ಗೆಳೆಯರ ಜೊತೆ ಮೆಥ್ ಎಂಬ ಉತ್ತೇಜಕ ಮಾದಕ ವಸ್ತು ಸೇದುತ್ತೇನೆ. ಶುರುವಿನಲ್ಲಿ ತಿಂಗಳಿಗೊಮ್ಮೆ, ಈಗ ವಾರಕ್ಕೆ ಎರಡು ಮೂರು ದಿನ. ಮೊದಲು ಮೂರನೇ ದಿನ ಕಣ್ಣಂಚಿನಲ್ಲಿ ಕಪ್ಪು ನೆರಳು ಸರಿಯುತ್ತಿತ್ತು. ಈಗ ಮೊದಲ ರಾತ್ರಿಯೇ ಬರುತ್ತದೆ. ನೆರಳು ಅಂತ ನನಗೆ ಗೊತ್ತಿರುತ್ತದೆ, ಆದರೂ ಬಾಗಿಲು ಹತ್ತು ಸಲ ನೋಡುತ್ತೇನೆ. ನಡುನಡುವೆ ಚೆನ್ನಾಗಿ ನಿದ್ದೆ ಮಾಡಿದರೆ ಸರಿಹೋಗುತ್ತದಾ? ಮನೆಯಲ್ಲಿ ಅಕ್ಕನಿಗೆ ಮಾತ್ರ ಸಂಶಯ ಇದೆ.

– ಬೆಳಗಿನ ಜಾವ ಮೂರೂವರೆಗೆ ಬರೆಯುತ್ತಿದ್ದೇನೆ

ಉತ್ತರ: ಇಷ್ಟನ್ನು ಬರೆದಿರಲ್ಲ, ಒಳ್ಳೆಯದಾಯಿತು. ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ಎರಡು ಸಲ ಓದಿದೆ. ‘ನೆರಳು ಅಂತ ನನಗೆ ಗೊತ್ತಿರುತ್ತದೆ.’ ಈ ಗೊತ್ತಿರುವಿಕೆ ಈಗ ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ. ಆದರೆ ಬಾಗಿಲು ಹತ್ತು ಸಲ ನೋಡುತ್ತೇನೆ ಅಂದಿರಿ. ಅಲ್ಲೇ ಅದು ಸಡಿಲವಾಗುತ್ತಿದೆ. ಇವತ್ತು ನೆರಳು, ನಾಳೆ ನೆರಳಿಗೆ ಮುಖ, ಆಮೇಲೆ ಆ ಮುಖ ನಿಮ್ಮ ಗೆಳೆಯನದು ಅನ್ನಿಸಬಹುದು. ಅಂಥ ಹೊತ್ತಿನಲ್ಲಿ ಜನ ಭಯದಿಂದ ಕೈ ಎತ್ತುತ್ತಾರೆ, ಮಹಡಿಯಿಂದ ಜಿಗಿಯುತ್ತಾರೆ.

ಮೂರನೇ ದಿನ ಬರುತ್ತಿದ್ದದ್ದು ಮೊದಲ ರಾತ್ರಿಯೇ ಬರುತ್ತಿದೆ ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ. ಮೊದಲ ರಾತ್ರಿ ಅಂದರೆ ನಿದ್ದೆ ಇನ್ನೂ ಅಷ್ಟೇನೂ ಕೆಟ್ಟಿಲ್ಲ. ಅಲ್ವಾ? ಹಾಗಾಗಿ ನಿದ್ದೆಯೊಂದರಿಂದ ಇದನ್ನು ಸರಿ ಮಾಡಲು ಆಗುವುದಿಲ್ಲ. ಮಿದುಳು ಈ ಔಷಧಿಗೆ ಮೊದಲಿಗಿಂತ ಬೇಗ ಹತ್ತಿಕೊಳ್ಳುತ್ತಿದೆ. ಖುಷಿಗೆ ಮೊದಲಿಗಿಂತ ಜಾಸ್ತಿ ಬೇಕು, ಭಯಕ್ಕೆ ಮೊದಲಿಗಿಂತ ಕಡಿಮೆ ಸಾಕು. ಮೆಥ್ ಮೈಯಲ್ಲಿ ಅರ್ಧಕ್ಕೆ ಇಳಿಯಲೇ ಸುಮಾರು ಹತ್ತರಿಂದ ಹನ್ನೆರಡು ಗಂಟೆ ಬೇಕು. ವಾರಕ್ಕೆ ಎರಡು ಮೂರು ದಿನ ಅಂದರೆ ಮಿದುಳಿಗೆ ಚೇತರಿಸಿಕೊಳ್ಳಲು ಪುರುಸೊತ್ತೇ ಸಿಗುತ್ತಿಲ್ಲ.

ಬಿಡಲು ದಾರಿ ಇದೆ. ಮೆಥ್ ಬಿಡಿಸಲು ಇಂಥದ್ದೇ ಒಂದು ಮಾತ್ರೆ ಅಂತ ಇಲ್ಲ. ವಾರ ವಾರ ಕೂತು ಮಾತಾಡುವುದು, ಯಾವ ಹೊತ್ತಿನಲ್ಲಿ ಯಾರ ಜೊತೆಗಿದ್ದಾಗ ಆಸೆ ಹುಟ್ಟುತ್ತದೆ ಅಂತ ಗುರುತಿಸುವುದು, ಮುಟ್ಟದೆ ಕಳೆದ ಪ್ರತಿ ವಾರಕ್ಕೆ ಏನಾದರೂ ಬಹುಮಾನ ಇಟ್ಟು ನಡೆಸುವ ಚಿಕಿತ್ಸೆ – ಇವು ಕೆಲಸ ಮಾಡುತ್ತವೆ. ಮೊದಲ ಎರಡು ವಾರ ಕಷ್ಟ. ಮಲಗಿದಷ್ಟೂ ಸಾಲದು, ಮನಸ್ಸು ತಳ ಕಾಣುತ್ತದೆ. ಆಗ ಒಬ್ಬರೇ ಇರಬೇಡಿ. ಸಾಯುವ ಯೋಚನೆ ಬಂದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಅಕ್ಕನಿಗೆ ಸಂಶಯ ಇದೆ ಅಂದಿರಿ. ಈ ಅಂಕಣದ ಮೊದಲ ಪತ್ರ ಬರೆದವರೂ ಒಬ್ಬ ಅಕ್ಕನೇ. ನಿಮ್ಮ ಅಕ್ಕನಿಗೆ ಪುಟವನ್ನು ಕೊಟ್ಟು ‘ಕೊನೆಯ ಪತ್ರ ನನ್ನದು’ ಅನ್ನಿ. ಬೇರೆ ಮಾತು ಹುಡುಕಬೇಕಾಗಿಲ್ಲ. ವೈದ್ಯರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಎಷ್ಟು, ಯಾವಾಗ, ಜೊತೆಗೆ ಬೇರೆ ಏನೇನು ತೆಗೆದುಕೊಂಡಿದ್ದೀರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿರಿ. ವೈದ್ಯರ ಎದುರು ಕೂತಾಗ ಮಾತು ಹೊರಡದಿದ್ದರೆ ಆ ಚೀಟಿಯನ್ನು ಅವರ ಕೈಗೆ ಕೊಟ್ಟರೆ ಸಾಕು.